ಪಾಪೆ ಹಿಗ್ಗಿಸುವ ಕಣ್ಣಿನ ಡ್ರಾಪ್ಸ್: ಮನೆಯಲ್ಲಿ ಹಾಕುವಾಗ ಎಲ್ಲೆಲ್ಲಿ ತಪ್ಪಾಗುತ್ತದೆ

ಶೇಕಡಾ 1ರ ಅಟ್ರೋಪಿನ್ ಡ್ರಾಪ್ಸ್‌ನ 5 ಮಿಲಿ ಬಾಟಲಿ ಹೆಬ್ಬೆರಳಿನಷ್ಟೇ ಇರುತ್ತದೆ. ಅದರೊಳಗೆ ಇರುವುದು 50 ಮಿಲಿಗ್ರಾಂ ಅಟ್ರೋಪಿನ್. ಒಂದು ಹನಿಗೆ ಸುಮಾರು 0.3ರಿಂದ 0.5 ಮಿಲಿಗ್ರಾಂ ಬರುತ್ತದೆ. ಹೃದಯದ ಬಡಿತ ತೀರಾ ಇಳಿದುಹೋದ ದೊಡ್ಡವರಿಗೆ ತುರ್ತು ಚಿಕಿತ್ಸೆಯಲ್ಲಿ ಒಮ್ಮೆಗೆ ರಕ್ತನಾಳಕ್ಕೆ ಕೊಡುವ ಅಟ್ರೋಪಿನ್ ಅರ್ಧದಿಂದ ಒಂದು ಮಿಲಿಗ್ರಾಂ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಮಗುವಿನ ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕುವುದು ಸಣ್ಣ ಕೆಲಸವಲ್ಲ ಎಂದು ತಿಳಿಯುತ್ತದೆ. ಹನಿ ಬೀಳುವುದು ಕಣ್ಣಿಗೆ, ಆದರೆ ಅದು ಕಣ್ಣಿನಲ್ಲೇ ನಿಲ್ಲುವುದಿಲ್ಲ. ಕಣ್ಣೀರು ಹರಿಯುವ ನಾಳದ ಮೂಲಕ ಮೂಗಿಗಿಳಿದು, ಮೂಗಿನ ಒಳಪದರದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯಾದರೆ ಮೊದಲು ಯಕೃತ್ತಿನ ಮೂಲಕ ಹಾದು ಒಂದಿಷ್ಟು ಕರಗುತ್ತದೆ, ಇದಕ್ಕೆ ಆ ತಡೆಯೂ ಇಲ್ಲ.

ಇಲ್ಲಿ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಯಾವ ಡ್ರಾಪ್ಸ್, ಎಷ್ಟು ಹೊತ್ತು

ಪಾಪೆ ಹಿಗ್ಗಿಸುವ ಔಷಧಿಗಳೆಲ್ಲ ಒಂದೇ ಅಲ್ಲ. ಕಣ್ಣಿನ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಟ್ರೋಪಿಕಮೈಡ್. 20-30 ನಿಮಿಷದಲ್ಲಿ ಪಾಪೆ ಅಗಲವಾಗುತ್ತದೆ, ಸಾಮಾನ್ಯವಾಗಿ 4ರಿಂದ 6 ಗಂಟೆಯಲ್ಲಿ ಇಳಿಯುತ್ತದೆ, ಕೆಲವರಲ್ಲಿ ಒಂದಿಡೀ ದಿನವೂ ಇರಬಹುದು. ಸೈಕ್ಲೋಪೆಂಟೋಲೇಟ್ ಒಂದು ದಿನದವರೆಗೆ, ಹೋಮಟ್ರೋಪಿನ್ ಒಂದರಿಂದ ಮೂರು ದಿನ, ಅಟ್ರೋಪಿನ್ ಒಂದರಿಂದ ಎರಡು ವಾರ ಕೆಲಸ ಮಾಡುತ್ತದೆ. ಐರಿಸ್ ಎಂದರೆ ಪಾಪೆಯ ಸುತ್ತಲಿನ ಬಣ್ಣದ ಉಂಗುರ. ಅದು ಕಪ್ಪು ಅಥವಾ ಗಾಢ ಕಂದು ಬಣ್ಣದ್ದಾದರೆ ಪಾಪೆ ಹಿಗ್ಗುವುದು ನಿಧಾನ, ಕುಗ್ಗುವುದೂ ನಿಧಾನ. ಆ ಬಣ್ಣದ ಕಣಗಳು ಔಷಧಿಯನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಬಿಡುವುದೇ ಇದಕ್ಕೆ ಕಾರಣ. ಅರ್ಧ ಗಂಟೆಯಾದರೂ ಪಾಪೆ ಅಗಲವಾಗಲಿಲ್ಲವೆಂದು ಮನೆಯಲ್ಲಿ ಮೇಲಿಂದ ಮೇಲೆ ಹನಿ ಹಾಕಬೇಡಿ.

ಈ ನಾಲ್ಕೂ ಪಾಪೆಯನ್ನು ಹಿಗ್ಗಿಸುವುದಷ್ಟೇ ಅಲ್ಲ, ಕಣ್ಣಿನೊಳಗೆ ದೃಷ್ಟಿಯನ್ನು ಹತ್ತಿರಕ್ಕೆ ಹೊಂದಿಸುವ ಸ್ನಾಯುವನ್ನೂ ಸಡಿಲಿಸುತ್ತವೆ. ಪುಸ್ತಕ, ಫೋನು ಮಸುಕಾಗುವುದು ಅದಕ್ಕೇ. ಐದನೆಯದಾದ ಫಿನೈಲ್‌ಎಫ್ರಿನ್ ಆ ಸ್ನಾಯುವಿನ ತಂಟೆಗೆ ಹೋಗುವುದಿಲ್ಲ, ಆದರೆ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಇದು ಶೇಕಡಾ 2.5 ಮತ್ತು ಶೇಕಡಾ 10, ಎರಡು ಬಲದಲ್ಲಿ ಸಿಗುತ್ತದೆ. ಶೇಕಡಾ 10ರ ಹನಿ ರಕ್ತದೊತ್ತಡವನ್ನು ತಟ್ಟನೆ ಏರಿಸಬಲ್ಲದು. ಹೃದಯದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ, ಶಿಶುಗಳಿಗೆ ಅದನ್ನು ತಪ್ಪಿಸುವುದೇ ಕ್ರಮ.

ಹನಿ ಬೀಳುವ ಮೊದಲು ಹೇಳಬೇಕಾದದ್ದು

ಆಸ್ಪತ್ರೆಯಲ್ಲಿ ಯಾರಾದರೂ ಬಾಟಲಿ ಹಿಡಿದು ಹತ್ತಿರ ಬಂದಾಗ ತಲೆ ಹಿಂದಕ್ಕೆ ಬಾಗಿಸಿ ಕೂರುವುದು ಎಲ್ಲರ ಅಭ್ಯಾಸ. ಅದಕ್ಕೆ ಮೊದಲು, ಕೇಳದಿದ್ದರೂ, ಕೆಲವನ್ನು ಬಾಯಿಬಿಟ್ಟು ಹೇಳಿಬಿಡಿ. ಹಿಂದೆ ಎಂದಾದರೂ ಹನಿ ಹಾಕಿದ ಮೇಲೆ ಕಣ್ಣು ವಿಪರೀತ ನೋವಾಗಿ ವಾಂತಿಯಾಗಿತ್ತೇ? ಕಣ್ಣಿನ ಕೋನ, ಅಂದರೆ ಕಣ್ಣಿನೊಳಗಿನ ದ್ರವ ಹೊರಹೋಗುವ ಜಾಗ, ಕಿರಿದಾಗಿದೆ ಎಂದು ಯಾರಾದರೂ ಹೇಳಿದ್ದರೇ? ಮನೆಯಲ್ಲಿ ಯಾರಿಗಾದರೂ ಹಾಗಾಗಿತ್ತೇ? ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ಐರಿಸ್‌ಗೇ ಸಿಕ್ಕಿಸಿದ ಲೆನ್ಸ್ ಇದೆಯೇ? ಇವು ಕಣ್ಣಿನ ಮಾತಾಯಿತು. ಉಳಿದ ದೇಹದ ವಿಚಾರದಲ್ಲಿ: ಹೃದ್ರೋಗ, ಹಿಡಿತಕ್ಕೆ ಬಾರದ ರಕ್ತದೊತ್ತಡ, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಸರಾಗವಾಗಿ ಹೋಗದಿರುವುದು, ಗರ್ಭ, ಎದೆಹಾಲುಣಿಸುವಿಕೆ. ಖಿನ್ನತೆಗೆ, ಅಲರ್ಜಿಗೆ, ಮೂತ್ರಕೋಶದ ತೊಂದರೆಗೆ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಕೆಲವಕ್ಕೆ ಅಟ್ರೋಪಿನ್‌ನಂಥದೇ ಗುಣವಿದೆ, ಎರಡೂ ಸೇರಿದರೆ ಬಾಯಿ ಒಣಗುವುದು, ಗೊಂದಲವಾಗುವುದು ಹೆಚ್ಚು. ಮಾತ್ರೆಗಳ ಚೀಟಿಯನ್ನೇ ತೋರಿಸಿದರೆ ಸುಲಭ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ, ಮೆದುಳಿಗೆ ಪೆಟ್ಟಾಗಿರುವ ಅಥವಾ ಕೈಕಾಲು ಬಿಗಿಯುವ ತೊಂದರೆಯಿರುವ ಮಕ್ಕಳಿಗೆ ಈ ಔಷಧಿಗಳು ಉಳಿದವರಿಗಿಂತ ಬಲವಾಗಿ ತಾಗುತ್ತವೆ. ಅದನ್ನಂತೂ ಹೇಳಲೇಬೇಕು.

ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಇದೆ ಎಂಬ ಒಂದೇ ಕಾರಣಕ್ಕೆ ಹನಿ ಬೇಡವೆನ್ನುವವರು ಅನೇಕರಿದ್ದಾರೆ. ಅಪಾಯ ಇರುವುದು ಕಿರಿದಾದ ಕೋನದ ಕಣ್ಣಿಗೆ. ಕೋನ ತೆರೆದಿರುವ ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲದೆ ಪಾಪೆ ಹಿಗ್ಗಿಸಿ ನೋಡುತ್ತಾರೆ. ನಿಮ್ಮದು ಯಾವುದು ಎಂದು ವೈದ್ಯರನ್ನೇ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ಹೆದರಿ ಈ ಪರೀಕ್ಷೆಯನ್ನು ತಪ್ಪಿಸಿದರೆ ಅಕ್ಷಿಪಟಲದ ಅಂಚಿನಲ್ಲಿ ನಡೆಯುವ ಹಾನಿ ಕಣ್ಣಿಗೆ ಬೀಳುವುದೇ ಇಲ್ಲ. ಆ ನಷ್ಟ ಅರ್ಧ ದಿನದ ಮಸುಕಿಗಿಂತ ಎಷ್ಟೋ ದೊಡ್ಡದು.

ಹನಿ ಹಾಕುವ ಕ್ರಮ

1. ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಿ. ಬಾಟಲಿಯ ಮೇಲಿನ ಹೆಸರು, ಶೇಕಡಾ ಎಷ್ಟು, ಅವಧಿ ಮುಗಿಯುವ ದಿನ, ಈ ಮೂರನ್ನೂ ಗಟ್ಟಿಯಾಗಿ ಓದಿ. ಯಾವ ಕಣ್ಣು ಎಂಬುದನ್ನು ಚೀಟಿ ನೋಡಿ ಹೇಳಿಕೊಳ್ಳಿ. ಎದುರಿಗೆ ಕೂತವರ ಬಲಗಣ್ಣು ನಿಮ್ಮ ಎಡಕ್ಕೆ ಬರುತ್ತದೆ. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ.

2. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಡ್ರಾಪ್ಸ್ ಕೆಡದಂತೆ ಸೇರಿಸಿರುವ ರಾಸಾಯನಿಕವನ್ನು ಮೆದು ಲೆನ್ಸ್ ಹೀರಿಕೊಳ್ಳುತ್ತದೆ. ಹಾಕಿದ ಮೇಲೆ ಕಡೇಪಕ್ಷ 15 ನಿಮಿಷ ಬಿಡಬೇಕು. ಪಾಪೆ ಇಳಿಯುವತನಕ ಕನ್ನಡಕದಲ್ಲೇ ಇರುವುದು ಇನ್ನೂ ಒಳ್ಳೆಯದು.

3. ಮಲಗಿಸಿ, ಇಲ್ಲವೇ ತಲೆ ಹಿಂದಕ್ಕೆ ಬಾಗಿಸಿ ಮೇಲೆ ನೋಡಲು ಹೇಳಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆಳೆದರೆ ಸಣ್ಣ ಜೇಬಿನಂತೆ ಆಗುತ್ತದೆ. ಹನಿ ಬೀಳಬೇಕಾದದ್ದು ಆ ಜೇಬಿಗೆ, ಕರಿಗುಡ್ಡೆಯ ಮೇಲಲ್ಲ. ಬಾಟಲಿಯ ತುದಿ ಎರಡು ಸೆಂಟಿಮೀಟರ್ ಮೇಲಿರಲಿ. ರೆಪ್ಪೆಗೂ ಕೂದಲಿಗೂ ತಾಗಬಾರದು. ಒಮ್ಮೆ ತಾಗಿದರೆ ರೋಗಾಣು ಬಾಟಲಿಯೊಳಗೇ ಸೇರುತ್ತದೆ.

4. ಒಂದೇ ಹನಿ. ಕಣ್ಣಿನ ಆ ಜೇಬು ಹಿಡಿಯುವುದೇ ಸುಮಾರು 30 ಮೈಕ್ರೋಲೀಟರ್, ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಎರಡನೇ ಹನಿ ಕಣ್ಣಿಗೆ ಹೆಚ್ಚೇನೂ ಕೊಡುವುದಿಲ್ಲ, ಕೆನ್ನೆಗೆ ಅಥವಾ ಮೂಗಿಗೆ ಹರಿಯುತ್ತದೆ.

5. ರೆಪ್ಪೆಯನ್ನು ಹಗುರವಾಗಿ ಮುಚ್ಚಿಸಿ. ಬಿಗಿಯಾಗಿ ಹಿಂಡುವುದು, ಪಟಪಟನೆ ಮಿಟುಕಿಸುವುದು ಎರಡೂ ಔಷಧಿಯನ್ನು ನಾಳಕ್ಕೆ ತಳ್ಳುತ್ತವೆ. ಕೂಡಲೇ ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ, ಎಲುಬಿಗೆ ತಾಗುವ ಹಾಗೆ, ಬೆರಳ ತುದಿಯಿಂದ ಒತ್ತಿ ಹಿಡಿಯಿರಿ. ಎರಡರಿಂದ ಮೂರು ನಿಮಿಷ, ಗಡಿಯಾರ ನೋಡಿಕೊಂಡು. ನಾಳದ ಬಾಯಿ ಮುಚ್ಚಿ ಮೂಗಿಗೆ ಇಳಿಯುವ ಪ್ರಮಾಣ ತುಂಬಾ ಕಡಿಮೆಯಾಗುತ್ತದೆ. ಗುಡ್ಡೆಯನ್ನು ಒತ್ತಬಾರದು, ಮೂಲೆಯನ್ನಷ್ಟೇ. ಬಾಯಿಗೆ ಕಹಿ ಬಂತೆಂದರೆ ಔಷಧಿ ಗಂಟಲಿಗೆ ಇಳಿದಿದೆ ಎಂದರ್ಥ, ಮುಂದಿನ ಸಲ ಬೆರಳಿನ ಜಾಗ ಸರಿಮಾಡಿಕೊಳ್ಳಿ.

6. ಹೊರಬಂದ ದ್ರವವನ್ನು ಶುಭ್ರ ಹತ್ತಿಯಿಂದ ಒತ್ತಿ ತೆಗೆಯಿರಿ. ಕೆನ್ನೆಯ ಮೇಲಿದ್ದದ್ದನ್ನು ಮಗು ಕೈಯಿಂದ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತದೆ. ಮತ್ತೆ ಕೈ ತೊಳೆಯಿರಿ, ಮಗುವಿನ ಕೈಯನ್ನೂ.

ಐದನೆಯ ಹೆಜ್ಜೆಯನ್ನು ಹೆಚ್ಚಿನ ಮನೆಗಳಲ್ಲಿ ಬಿಟ್ಟೇ ಬಿಡುತ್ತಾರೆ. ಉಳಿದೆಲ್ಲಕ್ಕಿಂತ ಹೆಚ್ಚು ಕಾಪಾಡುವುದು ಅದೇ.

ಕಣ್ಣು ಬಿಡಲೊಪ್ಪದೆ ಅಳುವ ಮಗುವಿನ ರೆಪ್ಪೆಯನ್ನು ಬಲವಂತವಾಗಿ ಬಿಡಿಸಿದರೆ ಅರ್ಧ ಔಷಧಿ ಕಣ್ಣೀರಿನಲ್ಲಿ ತೊಳೆದುಹೋಗುತ್ತದೆ. ಅಂಗಾತ ಮಲಗಿಸಿ, ಕಣ್ಣು ಮುಚ್ಚಿದ್ದಾಗಲೇ ಮೂಗಿನ ಪಕ್ಕದ ಮೂಲೆಯ ಗುಳಿಯಲ್ಲಿ ಒಂದು ಹನಿ ಬಿಡಿ. ಮಗು ಕಣ್ಣು ತೆರೆದಾಗ ಅದು ತಾನಾಗಿ ಒಳಗೆ ಜಾರುತ್ತದೆ. ಆಮೇಲೆ ಮೂಲೆ ಒತ್ತಿ ಹಿಡಿಯಿರಿ.

ಹನಿ ಬಿತ್ತೋ ಇಲ್ಲವೋ ಎಂಬ ಅನುಮಾನ ಬಂದರೆ? ಇಡೀ ಹನಿ ಕೆನ್ನೆಗೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದರೆ ಮಾತ್ರ ಇನ್ನೊಂದು ಹಾಕಿ. ಬರೀ ಅನುಮಾನವಾದರೆ ಬೇಡ. ಒಂದು ಹೊತ್ತಿನದು ಮರೆತರೂ ಹೀಗೆಯೇ, ಮುಂದಿನ ಹೊತ್ತಿಗೆ ಎರಡು ಹನಿ ಹಾಕಿ ಸರಿದೂಗಿಸುವುದಿಲ್ಲ. ಬೇರೆ ಡ್ರಾಪ್ಸ್ ಕೂಡ ಇದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆಯುತ್ತದೆ. ಮುಲಾಮು ಇದ್ದರೆ ಅದು ಕೊನೆಗೆ, ಹತ್ತು ನಿಮಿಷ ಬಿಟ್ಟು.

ಪರೀಕ್ಷೆಯ ದಿನ

ಜೊತೆಗೊಬ್ಬರು ಇರಲಿ, ತಂಪು ಕನ್ನಡಕ ಇರಲಿ. ದೂರದ ಬೋರ್ಡು ಚೆನ್ನಾಗಿ ಕಾಣುತ್ತದಲ್ಲ ಎಂದು ಗಾಡಿ ಹತ್ತುವವರಿದ್ದಾರೆ. ಆದರೆ ಅಗಲವಾದ ಪಾಪೆಗೆ ಎದುರಿನ ದೀಪದ ಬೆಳಕು ಕುಕ್ಕಿದಾಗ ಒಂದೆರಡು ಕ್ಷಣ ಏನೂ ಕಾಣುವುದಿಲ್ಲ, ಸ್ಪೀಡೋಮೀಟರ್ ಮಸುಕಾಗಿರುತ್ತದೆ. ಬೆಳಕು ಚುಚ್ಚುವುದು, ಹತ್ತಿರದ ಮಸುಕು ಎರಡೂ ಪೂರ್ತಿ ಹೋಗುವತನಕ ಗಾಡಿ, ಯಂತ್ರ, ಏಣಿ ಯಾವುದೂ ಬೇಡ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಿರಿ. ಸಹಿ ಹಾಕುವ ಕಾಗದಗಳಿದ್ದರೆ ಹನಿಗೆ ಮೊದಲೇ ಓದಿ ಮುಗಿಸಿ.

ಕಣ್ಣಿಗೆ ನೀರು ಎರಚಿದರೆ ಪಾಪೆ ಬೇಗ ಇಳಿಯುವುದಿಲ್ಲ. ಔಷಧಿ ಆಗಲೇ ಒಳಗೆ ಹೋಗಿರುತ್ತದೆ. ಪಾಪೆಯನ್ನು ಬೇಗ ಇಳಿಸುವ ಫೆಂಟೊಲಮೈನ್ ಹನಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಟ್ರೋಪಿಕಮೈಡ್, ಫಿನೈಲ್‌ಎಫ್ರಿನ್‌ನಂಥ ಪರೀಕ್ಷೆಯ ಹನಿಗಳ ಪರಿಣಾಮ ಇಳಿಸಲು, ವಾರಗಟ್ಟಲೆ ನಿಲ್ಲುವ ಅಟ್ರೋಪಿನ್‌ಗಲ್ಲ.

ಆ ರಾತ್ರಿ ಕಣ್ಣು ಕೆಂಪಾಗಿ ಒಳಗಿನಿಂದ ನೋವೆದ್ದರೆ, ಅದೇ ಬದಿಯ ತಲೆ ಸಿಡಿದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಹೊಟ್ಟೆ ತೊಳಸಿ ವಾಂತಿಯಾದರೆ ಬೆಳಗಿನವರೆಗೆ ಕಾಯಬೇಡಿ. ಕೋನ ಮುಚ್ಚಿಕೊಂಡು ಕಣ್ಣಿನ ಒತ್ತಡ ಏರಿದ ಲಕ್ಷಣ ಅದು, ಗಂಟೆಗಳಲ್ಲಿ ದೃಷ್ಟಿ ಹಾಳುಮಾಡಬಲ್ಲದು. ಹನಿ ಹಾಕಿದ ಕೂಡಲೇ ಅಲ್ಲ, ಪಾಪೆ ಅರ್ಧ ಇಳಿಯುವ ಹೊತ್ತಿಗೆ ಹೀಗಾಗುವುದು ಹೆಚ್ಚು. ಆಗ ಐರಿಸ್ ತನ್ನ ಹಿಂದಿರುವ ಕಣ್ಣಿನ ಲೆನ್ಸಿಗೆ ಒತ್ತಿಕೊಂಡು ಒಳಗಿನ ದ್ರವ ಮುಂದೆ ಬಾರದಂತೆ ತಡೆಯುತ್ತದೆ. ವಾಂತಿ, ತಲೆನೋವು ನೋಡಿ ಹೊಟ್ಟೆಯ ತೊಂದರೆಯೆಂದೋ ಅರೆತಲೆನೋವೆಂದೋ ತಿಳಿಯುವುದುಂಟು, ಆದ್ದರಿಂದ ಕಣ್ಣಿಗೆ ಹನಿ ಹಾಕಿದ್ದರು ಎಂಬುದನ್ನು ತುರ್ತು ವಿಭಾಗದಲ್ಲಿ ಮೊದಲ ಮಾತಾಗಿ ಹೇಳಿ. ಹೀಗಾಗುವುದು ಅಪರೂಪ, ಆದರೆ ಆದಾಗ ಹೊತ್ತು ಕಳೆಯುವ ಹಾಗಿಲ್ಲ.

ಮಕ್ಕಳಿಗೆ ಅಟ್ರೋಪಿನ್ ಕೊಟ್ಟಾಗ

ಮೂರು ಬೇರೆಬೇರೆ ಕಾರಣಕ್ಕೆ ಕೊಡುತ್ತಾರೆ. ಮೂರರಲ್ಲೂ ಕ್ರಮ ಬೇರೆ.

ಮೊದಲನೆಯದು ಕನ್ನಡಕದ ನಂಬರ್ ನೋಡಲು. ಮಕ್ಕಳ ಕಣ್ಣಿನ ಸ್ನಾಯು ಬಲವಾಗಿ ಹೊಂದಿಸಿಕೊಳ್ಳುವುದರಿಂದ ಅದನ್ನು ಸಡಿಲಿಸದೆ ನೋಡಿದ ನಂಬರ್ ತಪ್ಪಿರಬಹುದು. ಇದಕ್ಕೆ ಅಟ್ರೋಪಿನ್ ಮುಲಾಮನ್ನು ಮನೆಯಲ್ಲೇ ಕೆಲವು ದಿನ ಮುಂಚಿನಿಂದ ಹಚ್ಚಲು ಹೇಳುತ್ತಾರೆ. ಅಕ್ಕಿ ಕಾಳಿನಷ್ಟು ಸಾಕು. ಪರೀಕ್ಷೆಯ ಬೆಳಿಗ್ಗೆ ಹಚ್ಚಬೇಕೋ ಬೇಡವೋ ಎಂದು ಕೇಳಿಕೊಳ್ಳಿ. ಕಣ್ಣಿನ ಮೇಲೆ ಜಿಡ್ಡು ಉಳಿದಿದ್ದರೆ ಉಪಕರಣಕ್ಕೆ ಸರಿಯಾಗಿ ಕಾಣುವುದಿಲ್ಲ.

ಎರಡನೆಯದು ಮಂದಗಣ್ಣು, ಸೋಮಾರಿ ಕಣ್ಣು ಎಂದೂ ಹೇಳುವುದುಂಟು. ಇಲ್ಲಿ ಹನಿ ಹಾಕುವುದು ಚೆನ್ನಾಗಿರುವ ಕಣ್ಣಿಗೆ. ಅದನ್ನು ಮಸುಕುಮಾಡಿದರೆ ಮಿದುಳು ಮಂದಗಣ್ಣನ್ನು ಬಳಸಲೇಬೇಕಾಗುತ್ತದೆ. ತೊಂದರೆಯಿರುವ ಕಣ್ಣಿಗೇ ಔಷಧಿ ಎಂಬ ಸಹಜ ಎಣಿಕೆಯಿಂದ ಮನೆಯಲ್ಲಿ ಯಾರಾದರೂ ಮಂದಗಣ್ಣಿಗೆ ಹಾಕಿದರೆ ಚಿಕಿತ್ಸೆ ತಲೆಕೆಳಗಾಗುತ್ತದೆ. ಬಾಟಲಿಯ ಮೇಲೆ ದೊಡ್ಡದಾಗಿ "ಬಲ" ಅಥವಾ "ಎಡ" ಎಂದು ಬರೆದ ಚೀಟಿ ಅಂಟಿಸಿ, ಹನಿ ಹಾಕುವ ಎಲ್ಲರಿಗೂ ಅದನ್ನು ತೋರಿಸಿ. ದಿನಾಲೂ ಹಾಕುವ ಬದಲು ವಾರಕ್ಕೆ ಎರಡು ದಿನ ಹಾಕಿದರೂ 7 ವರ್ಷದೊಳಗಿನ, ಮಧ್ಯಮ ಮಟ್ಟದ ಮಂದಗಣ್ಣಿನ ಮಕ್ಕಳಲ್ಲಿ ಅಷ್ಟೇ ಗುಣ ಬಂದದ್ದನ್ನು ಅಮೆರಿಕದ ಮಕ್ಕಳ ಕಣ್ಣಿನ ಸಂಶೋಧನಾ ಗುಂಪು 2004ರಲ್ಲಿ ತೋರಿಸಿದೆ. ನಿಮಗೆ ಶನಿವಾರ, ಭಾನುವಾರ ಮಾತ್ರ ಎಂದು ಬರೆದುಕೊಟ್ಟಿದ್ದರೆ ಅದು ಅರೆಚಿಕಿತ್ಸೆಯಲ್ಲ, ದಿನಾಲೂ ಹಾಕಿ ಬೇಗ ಗುಣಪಡಿಸಲು ಹೊರಡಬೇಡಿ. ಮರುಪರೀಕ್ಷೆಯ ದಿನವನ್ನು ಮಾತ್ರ ತಪ್ಪಿಸಬಾರದು. ಚೆನ್ನಾಗಿದ್ದ ಕಣ್ಣಿನ ದೃಷ್ಟಿ ಕೆಲವೊಮ್ಮೆ ಇಳಿಯುವುದುಂಟು, ಅದನ್ನು ಬೇಗ ಹಿಡಿಯಬೇಕು.

ಮೂರನೆಯದು ಸಮೀಪದೃಷ್ಟಿಯ ನಂಬರ್ ಓಡದಂತೆ ತಡೆಯಲು ರಾತ್ರಿ ಮಲಗುವ ಮುಂಚೆ ಹಾಕುವ ತೆಳು ಅಟ್ರೋಪಿನ್: ಶೇಕಡಾ 0.01, 0.025, 0.05. ಹಾಂಗ್‌ಕಾಂಗ್‌ನಲ್ಲಿ ಈ ಮೂರನ್ನೂ ಹೋಲಿಸಿದ ಅಧ್ಯಯನದಲ್ಲಿ 0.05 ಹೆಚ್ಚು ಫಲ ಕೊಟ್ಟಿತು. ಯಾವುದು ಎಂಬುದನ್ನು ವೈದ್ಯರು ತೀರ್ಮಾನಿಸಲಿ. ನೀವು ನೋಡಬೇಕಾದದ್ದು ದಶಮಾಂಶದ ಬಿಂದು. 0.01ಕ್ಕೂ 1ಕ್ಕೂ ನೂರು ಪಟ್ಟು ಅಂತರ. ಔಷಧಿ ಅಂಗಡಿಯಲ್ಲಿ ಬಾಟಲಿ ಕೈಗೆ ಬಂದಾಗಲೇ ಚೀಟಿಯ ಜೊತೆ ತಾಳೆ ನೋಡಿ. ಶೇಕಡಾ 1ರದ್ದನ್ನು ಮನೆಯಲ್ಲಿ ನೀರು ಸೇರಿಸಿ ತೆಳುಮಾಡುವ ಯೋಚನೆ ಬೇಡವೇ ಬೇಡ, ಅಳತೆಯೂ ತಪ್ಪುತ್ತದೆ, ಶುದ್ಧತೆಯೂ ಹೋಗುತ್ತದೆ. ನಡುವೆ ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ; ಥಟ್ಟನೆ ಬಿಟ್ಟರೆ ತಡೆದಿದ್ದ ನಂಬರ್ ವೇಗವಾಗಿ ಏರಬಹುದು.

ಮಗುವಿನಲ್ಲಿ ಔಷಧಿ ಮೈಗೆ ಹೆಚ್ಚಾದ ಗುರುತುಗಳು: ಮುಖ ಕೆಂಪಗಾಗುವುದು, ಮೈ ಸುಡುವಂತೆ ಬಿಸಿಯಾಗಿದ್ದರೂ ಬೆವರಿಲ್ಲದಿರುವುದು, ಬಾಯಿ ಒಣಗಿ ನೀರು ಕೇಳುವುದು, ಎದೆ ಡವಡವನೆ ಬಡಿಯುವುದು, ಮೂತ್ರ ಹೋಗದಿರುವುದು, ತಡವರಿಸುವುದು, ಇಲ್ಲದ್ದನ್ನು ಕಂಡಂತೆ ಮಾತಾಡುವುದು. ಕೊನೆಯದು ಸೈಕ್ಲೋಪೆಂಟೋಲೇಟ್‌ನಲ್ಲೂ ಆಗುತ್ತದೆ. ಅಟ್ರೋಪಿನ್ ಬೆವರನ್ನು ತಡೆಯುವುದರಿಂದ ಸೆಕೆಯ ದಿನ ಹೊರಗೆ ಆಡಿದ ಮಗುವಿಗೆ ಜ್ವರ ಬೇಗ ಏರುತ್ತದೆ. ಮುಂದಿನ ಹನಿ ಹಾಕಬೇಡಿ, ತಣ್ಣೀರಿನ ಬಟ್ಟೆಯಿಂದ ಮೈ ಒರೆಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ರೆಪ್ಪೆ ಊದಿ, ತುರಿಸಿ, ಸುತ್ತಲ ಚರ್ಮ ಕೆಂಪಗಾದರೆ ಅದು ಬೇರೆ, ಅಲರ್ಜಿ. ಅದಕ್ಕೂ ಹನಿ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ.

ಬಾಟಲಿಯನ್ನು ಕುಡಿದುಬಿಟ್ಟಿದ್ದರೆ ಲಕ್ಷಣಕ್ಕೆ ಕಾಯುವ ಹಾಗೇ ಇಲ್ಲ. 10 ಮಿಲಿಗ್ರಾಂ, ಅದಕ್ಕಿಂತ ಕಡಿಮೆಯೂ, ಚಿಕ್ಕ ಮಗುವಿನ ಜೀವ ತೆಗೆಯಬಲ್ಲದು. ಅಂದರೆ ಶೇಕಡಾ 1ರ 5 ಮಿಲಿ ಬಾಟಲಿಯ ಐದನೇ ಒಂದು ಭಾಗ. ವಾಂತಿ ಮಾಡಿಸಬೇಡಿ, ಉಳಿದ ಬಾಟಲಿಯನ್ನು ಹಿಡಿದು ತುರ್ತು ವಿಭಾಗಕ್ಕೆ ಓಡಿ.

ಕಣ್ಣಿನೊಳಗಿನ ಉರಿಯೂತಕ್ಕೆ ಕೊಟ್ಟಿದ್ದರೆ

ಐರಿಸ್ ಉರಿಯೂತದಲ್ಲಿ ಅಟ್ರೋಪಿನ್ ಅಥವಾ ಹೋಮಟ್ರೋಪಿನ್ ಕೊಡುವುದಕ್ಕೆ ಎರಡು ಕಾರಣ: ಸೆಟೆದ ಸ್ನಾಯು ಸಡಿಲವಾಗಿ ನೋವು ಇಳಿಯಲಿ, ಮತ್ತು ಊದಿದ ಐರಿಸ್ ಹಿಂದಿನ ಲೆನ್ಸಿಗೆ ಅಂಟಿಕೊಳ್ಳದಿರಲಿ. ಸ್ಟೀರಾಯ್ಡ್ ಹನಿಯಿಂದ ಕೆಂಪು ಹೋಯಿತು, ಈ ಡ್ರಾಪ್ಸ್‌ನಿಂದ ಬರೀ ಮಸುಕು ಎಂದು ಇದನ್ನು ಮೊದಲು ಬಿಡುವವರು ಹೆಚ್ಚು. ಅಂಟಿಕೊಂಡ ಪಾಪೆಯನ್ನು ಆಮೇಲೆ ಬಿಡಿಸುವುದು ಕಷ್ಟ, ಸುತ್ತಲೂ ಅಂಟಿದರೆ ಕಣ್ಣಿನ ಒತ್ತಡ ಏರುತ್ತದೆ. ಮಸುಕು ತಡೆಯಲಾಗದಿದ್ದರೆ ಓದಲು ತಾತ್ಕಾಲಿಕವಾಗಿ ಹತ್ತಿರದ ಕನ್ನಡಕ ಕೇಳಿ, ಹನಿ ಬಿಡಬೇಡಿ.

ಬಾಟಲಿ ಎಲ್ಲಿಡಬೇಕು, ಎಂದು ಬಿಸಾಡಬೇಕು

ಮುಚ್ಚಳದ ಬಣ್ಣಕ್ಕೆ ಅಂತರರಾಷ್ಟ್ರೀಯವಾಗಿ ಒಂದು ರೂಢಿಯಿದೆ, ಪಾಪೆ ಹಿಗ್ಗಿಸುವುದಕ್ಕೆ ಕೆಂಪು, ಕುಗ್ಗಿಸುವುದಕ್ಕೆ ಹಸಿರು. ಆದರೆ ಎಲ್ಲ ಕಂಪನಿಗಳೂ ಪಾಲಿಸುವುದಿಲ್ಲ. ಆದ್ದರಿಂದ ಬಣ್ಣ ನೋಡಿ ಎತ್ತಿಕೊಳ್ಳದೆ ಹೆಸರು ಓದಿ. ಕಣ್ಣು ಒಣಗುವುದಕ್ಕೆ ಬಳಸುವ ಡ್ರಾಪ್ಸ್, ಕಿವಿಯ ಡ್ರಾಪ್ಸ್ ಇವುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, ಸಾಮಾನ್ಯವಾಗಿ 28 ದಿನಕ್ಕೆ ಮುಗಿಯಿತು. ಮಿಕ್ಕಿದ್ದನ್ನು ಇನ್ಯಾರದೋ ಕೆಂಪು ಕಣ್ಣಿಗೆ ಕೊಡಬೇಡಿ. ಆ ಕೆಂಪಿಗೆ ಕಾರಣ ಮುಚ್ಚುತ್ತಿರುವ ಕೋನವೇ ಆಗಿದ್ದರೆ ಒಂದೇ ಹನಿ ಸಾಕು ಕೆಡಿಸಲು. ಬಿಸಾಡುವಾಗ ಮಕ್ಕಳ ಕೈಗೆ ಸಿಗುವ ಬುಟ್ಟಿಗೆ ಹಾಕದೆ ಔಷಧಿ ಅಂಗಡಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಕೇಳಿ.

ಹನಿ ಹಾಕಿದವರ ಕೈಯಿಂದಲೂ ಎಡವಟ್ಟಾಗುತ್ತದೆ. ಬೆರಳಿಗಂಟಿದ ಅಟ್ರೋಪಿನ್ ತಮ್ಮ ಕಣ್ಣಿಗೆ ತಾಗಿ, ಮರುದಿನ ಕನ್ನಡಿಯಲ್ಲಿ ಒಂದು ಪಾಪೆ ದೊಡ್ಡದು, ಇನ್ನೊಂದು ಸಣ್ಣದು ಕಂಡು ಗಾಬರಿಯಾಗುತ್ತಾರೆ. ದತ್ತೂರದ ಗಿಡ ಮುಟ್ಟಿ ಕಣ್ಣುಜ್ಜಿಕೊಂಡರೂ ಹೀಗೆಯೇ ಆಗುತ್ತದೆ, ಅದರಲ್ಲಿರುವುದೂ ಇದೇ ಬಗೆಯ ವಸ್ತು. ತುರ್ತು ವಿಭಾಗದಲ್ಲಿ ಒಂದೇ ಪಾಪೆ ಹಿಗ್ಗಿದ್ದನ್ನು ಕಂಡರೆ ವೈದ್ಯರು ಮಿದುಳಿನೊಳಗಿನ ರಕ್ತಸ್ರಾವವನ್ನೇ ಮೊದಲು ಶಂಕಿಸುತ್ತಾರೆ, ಶಂಕಿಸಲೇಬೇಕು. ಈ ಹನಿ ಹಾಕಿಕೊಳ್ಳುತ್ತಿರುವ ಮಗು ಬಿದ್ದು ತಲೆಗೆ ಪೆಟ್ಟಾದಾಗ ಯಾವ ಕಣ್ಣಿಗೆ, ಯಾವ ಔಷಧಿ, ಕೊನೆಯ ಹನಿ ಯಾವಾಗ ಎಂಬುದನ್ನು ಬರೆದು ಕೈಯಲ್ಲಿಡಿ, ಬಾಟಲಿಯನ್ನೂ ತೋರಿಸಿ. ಔಷಧಿಯಿಂದ ಹಿಗ್ಗಿದ ಪಾಪೆ, ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಹನಿಗೂ ಕುಗ್ಗುವುದಿಲ್ಲ, ಇದರಿಂದ ಕಾರಣ ಔಷಧಿಯೋ ಮಿದುಳೋ ಎಂದು ವೈದ್ಯರು ಬೇರೆ ಮಾಡಿ ನೋಡಬಲ್ಲರು, ಆದರೆ ಆ ಯೋಚನೆ ಅವರಿಗೆ ಬರುವುದು ನೀವು ಬಾಟಲಿ ತೋರಿಸಿದ ಮೇಲೆ.